ಹೊಟ್ಟಿನ ಇಟ್ಟಿಗೆ: ಒಲೆಗೆ ಉರುವಲು, ಹೊಲಕ್ಕೆ ಸೆಗಣಿ



ತೊಗರಿ ರಾಶಿ ಮುಗಿದು, ಕಬ್ಬಿನ ಕೊನೆಯ ಗಾಡಿ ಕಾರಖಾನೆಗೆ ಹೋದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಹಿತ್ತಿಲಲ್ಲಿ ನಿಂತು ಸುತ್ತ ನೋಡಿರಿ. ಒಂದು ಮೂಲೆಗೆ ತೊಗರಿ ಕಟ್ಟಿಗೆಯ ಒಟ್ಟಲು. ಅದರ ಬುಡದಲ್ಲಿ ವರುಷವರುಷವೂ ಉದುರಿ ಬಿದ್ದ ಕಡ್ಡಿ ಪುಡಿ, ತೊಗಟೆ, ಸಣ್ಣ ಚಕ್ಕೆ. ಇನ್ನೊಂದು ಕಡೆ ಗೋಡೆಗೆ ಬಡಿದ ಕುಳ್ಳು, ಒಣಗಿದ ಕುಳ್ಳಿನ ಬಣವೆ. ಒಲೆಗೆ ಹೋಗಬೇಕಾದ ಕಟ್ಟಿಗೆ ಪುಡಿ ಮಣ್ಣು ಪಾಲಾಗುತ್ತಿದೆ. ಮಣ್ಣಿಗೆ ಹೋಗಬೇಕಾದ ಸೆಗಣಿ ಒಲೆ ಪಾಲಾಗುತ್ತಿದೆ. ಇವೆರಡರ ಸ್ಥಾನವನ್ನು ಅದಲುಬದಲು ಮಾಡುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಕಟ್ಟಿಗೆ ಹೊಟ್ಟನ್ನು ನೀರಿನಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ, ಬಿಸಿಲಿಗೆ ಒಣಗಿಸಿ ಉರುವಲು ಇಟ್ಟಿಗೆ ಮಾಡುವ ಕೆಲಸ ಕಠಿಣವಲ್ಲ. ಊರಿನ ಬಡಿಗ ಮತ್ತು ಕಂಬಾರ ಕೂಡಿ ಒಂದೆರಡು ದಿನದಲ್ಲಿ ಅದರ ಸಾಧನವನ್ನು ಮಾಡಿಕೊಡಬಲ್ಲರು. ಆದರೆ ಇದರ ಬಗ್ಗೆ ಕೆಲವರು ಹೇಳುವಷ್ಟು ದೊಡ್ಡ ಲಾಭವೂ ಇದರಲ್ಲಿಲ್ಲ. ಎಷ್ಟು ಲಾಭವಿದೆ, ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ಕೈ ಹಚ್ಚುವುದು ಒಕ್ಕಲಿಗನ ಲಕ್ಷಣ. ಆದ್ದರಿಂದ ಮೊದಲು ತಿಳಿವಳಿಕೆ, ಆಮೇಲೆ ಕೆಲಸ.

೧. ಒತ್ತಿದರೆ ಶಾಖ ಹೆಚ್ಚುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಹೊಟ್ಟನ್ನು ಒತ್ತಿ ಇಟ್ಟಿಗೆ ಮಾಡಿದರೆ ಅದರಲ್ಲಿ ಹೊಸ ಶಾಖ ಹುಟ್ಟುವುದಿಲ್ಲ. ಬಿಸಿಲಿಗೆ ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು ೩,೮೦೦ ಕಿಲೋಕ್ಯಾಲರಿ ಶಾಖವಿದ್ದರೆ, ಒಂದು ಕಿಲೋ ಒಣ ಹೊಟ್ಟಿನಲ್ಲಿಯೂ ಅಷ್ಟೇ ಇರುತ್ತದೆ. ಅದೇ ಹೊಟ್ಟಿನಿಂದ ಮಾಡಿದ ಒಂದು ಕಿಲೋ ಇಟ್ಟಿಗೆಯಲ್ಲಿಯೂ ಅಷ್ಟೇ.

ಹಾಗಾದರೆ ಒತ್ತುವುದೇಕೆ? ಬಿಡಿ ಹೊಟ್ಟನ್ನು ಒಲೆಗೆ ಸುರಿದರೆ ಗಾಳಿ ಆಡುವುದಿಲ್ಲ. ಮೇಲಿನ ಪದರು ಕಪ್ಪಾಗಿ ಒಳಗೆ ಹೊಗೆಯಾಡುತ್ತದೆ; ಊದಿದರೆ ಒಮ್ಮೆಲೇ ಭುಗ್ಗೆಂದು ಹಾರುತ್ತದೆ. ಅದೇ ಹೊಟ್ಟು ಗಟ್ಟಿ ತುಂಡಾದರೆ ಸುತ್ತಲೂ ಗಾಳಿ ಆಡಿ ಹೊರಗಿನಿಂದ ಒಳಗೆ ನಿಧಾನವಾಗಿ ಉರಿಯುತ್ತದೆ. ಎಣಿಸಿ ಇಡಬಹುದು, ಒಟ್ಟಬಹುದು, ಮಳೆಗಾಲಕ್ಕೆ ಕಾಯ್ದಿಡಬಹುದು. ಉಪಯೋಗಕ್ಕೆ ಬಾರದ ವಸ್ತು ಉಪಯೋಗಕ್ಕೆ ಬರುವ ಆಕಾರಕ್ಕೆ ಬಂತು, ಇಷ್ಟೇ ಲಾಭ.

ಇಟ್ಟಿಗೆಯಲ್ಲಿ ಎರಡು ಬಗೆ ಉಂಟು. ದೊಡ್ಡ ಯಂತ್ರಗಳಲ್ಲಿ ಒಣ ಹೊಟ್ಟನ್ನು ಒಂದು ಚದರ ಸೆಂಟಿಮೀಟರಿಗೆ ಸಾವಿರ ಕಿಲೋ ಅಥವಾ ಅದಕ್ಕೂ ಹೆಚ್ಚು ಭಾರದಿಂದ ಒತ್ತುತ್ತಾರೆ. ಆ ಒತ್ತಡ ಮತ್ತು ತಿಕ್ಕಾಟದ ಬಿಸಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಎಂಬ ಪದಾರ್ಥ ಮೆತ್ತಗಾಗಿ, ತಣಿದ ಮೇಲೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ವ್ಯಾಪಾರಿಗಳು "ಬಿಳಿ ಕಲ್ಲಿದ್ದಲು" ಎಂದು ಮಾರುವ ದುಂಡು ತುಂಡುಗಳು ಈ ಬಗೆಯವು. ಅವು ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. ಮನೆಯಲ್ಲಿ ಅಷ್ಟು ಒತ್ತಡ ಸಾಧ್ಯವಿಲ್ಲ. ಸನ್ನೆಕೋಲಿನಿಂದ ನಾವು ಒತ್ತಬಲ್ಲದ್ದು ಒಂದು ಚದರ ಸೆಂಟಿಮೀಟರಿಗೆ ಸುಮಾರು ೨ ಕಿಲೋ ಮಾತ್ರ. ಇಷ್ಟಕ್ಕೆ ಲಿಗ್ನಿನ್ ಮಿಸುಕುವುದಿಲ್ಲ. ಆದ್ದರಿಂದ ಮನೆಯ ಇಟ್ಟಿಗೆಯನ್ನು ಹಿಡಿದಿಡುವುದು ಒತ್ತಡವಲ್ಲ, ನಾರು. ನೆನೆದು ಮೆತ್ತಗಾದ ಸಣ್ಣ ನಾರುಗಳು ಒಂದರೊಳಗೊಂದು ಹೆಣೆದುಕೊಂಡು, ನಡುವೆ ಹೊಟ್ಟನ್ನು ಹಿಡಿದು, ಒಣಗಿದಾಗ ಬಿಗಿಯುತ್ತವೆ. ಒತ್ತುವುದು ನೀರನ್ನು ಹೊರಗೆ ಹಾಕಿ ನಾರುಗಳನ್ನು ಹತ್ತಿರ ತರುವುದಕ್ಕೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಎಲ್ಲ ಹಂತಗಳೂ ತಾವಾಗಿಯೇ ತಿಳಿಯುತ್ತವೆ.

೨. ಯಾವುದು ಇಟ್ಟಿಗೆಗೆ, ಯಾವುದು ಬೇಡ

ಬೇಕಾದವು: ತಾಲೂಕಿನ ಊರಿನ ಸಾಮಿಲ್ಲಿನ ಗರಗಸದ ಹೊಟ್ಟು, ಅಂದರೆ ನಮ್ಮ ಕಡೆ ಭುಸಾ ಎನ್ನುವುದು, ಬಡಿಗನ ಉಜ್ಜುಗೊರಡಿನ ಸುರುಳಿ, ಕಟ್ಟಿಗೆ ಒಟ್ಟಲಿನ ಬುಡದ ಪುಡಿ, ತೊಗಟೆ, ತೊಗರಿ ಮತ್ತು ಹತ್ತಿಯ ಸಣ್ಣ ಕಡ್ಡಿ, ಜಾಲಿಯ ಸಣ್ಣ ರೆಂಬೆ. ಹತ್ತಿ ಕಟ್ಟಿಗೆಯ ವಿಷಯದಲ್ಲಿ ಇನ್ನೊಂದು ಲಾಭವೂ ಉಂಟು. ಬಿಡಿಸದೆ ಉಳಿದ ಕಾಯಿಗಳೊಡನೆ ಕಟ್ಟಿಗೆಯನ್ನು ಮುಂದಿನ ಹಂಗಾಮಿನವರೆಗೂ ಮನೆ ಹತ್ತಿರ ಒಟ್ಟಿದರೆ ಗುಲಾಬಿ ಕಾಯಿಕೊರಕ ಹುಳ ಅದರಲ್ಲಿಯೇ ಅಡಗಿ ಮುಂದಿನ ಬೆಳೆಗೆ ದಾಟುತ್ತದೆ. ಬೇಗನೆ ಕತ್ತರಿಸಿ ಮುಗಿಸಿದರೆ ಆ ಅಪಾಯ ಕಡಿಮೆ.

ತೊಗರಿಯ ದಪ್ಪ ಕಾಂಡವನ್ನು ಕತ್ತರಿಸಿ ಇಟ್ಟಿಗೆ ಮಾಡುವ ಗೋಜಿಗೆ ಹೋಗಬೇಡಿರಿ. ಅದು ಇದ್ದ ಹಾಗೆಯೇ ಒಳ್ಳೆಯ ಉರುವಲು. ಒಲೆಯಲ್ಲಿ ನಿಲ್ಲದ ಸಣ್ಣ ವಸ್ತುವಿಗೆ ಮಾತ್ರ ಇಟ್ಟಿಗೆಯ ಶ್ರಮ ಸಾರ್ಥಕ.

ಬೇಡವಾದವು: ಕಬ್ಬಿನ ವಾಡಿ, ಜೋಳದ ಕಣಕಿ, ತೊಗರಿ ಹೊಟ್ಟು. ಇವು ದನಕರುಗಳ ಬಾಯಿಗೆ ಹೋಗಬೇಕಾದವು. ಜತ್ತ, ಅಕ್ಕಲಕೋಟದಂಥ ಬರದ ಸೀಮೆಯಲ್ಲಿ ಮೇವನ್ನು ಸುಡುವುದು ಪಾಪವೇ ಸರಿ. ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್ಡು, ಅಂಟಿನಿಂದ ಮಾಡಿದ ಹಲಗೆಗಳ ಪುಡಿ, ಹುಳ ಹಿಡಿಯದಂತೆ ಔಷಧ ಹಾಕಿದ ಮರ, ಪ್ಲಾಸ್ಟಿಕ್ಕು, ಇವುಗಳ ಹೊಗೆ ವಿಷ, ಬಿಲ್‌ಕುಲ್ ಬೇಡ. ಸಾಮಿಲ್ಲಿನಿಂದ ಹೊಟ್ಟು ತರುವಾಗ ಏನನ್ನು ಕೊಯ್ದದ್ದು ಎಂದು ಕೇಳಿಯೇ ತುಂಬಿಸಿರಿ. ದ್ರಾಕ್ಷಿ ತೋಟದವರು ಚಾಟಣಿಯ ಕಡ್ಡಿಯನ್ನು ಅಡಿಗೆ ಒಲೆಗೆ ತರಬಾರದು. ಬೋರ್ಡೋ ಮಿಶ್ರಣದ ತಾಮ್ರ ಮತ್ತು ಇತರ ಸಿಂಪರಣೆ ಔಷಧಗಳು ಅದರ ಮೇಲೆ ಉಳಿದಿರುತ್ತವೆ.

ಇನ್ನು ರವದಿಯ ಪ್ರಶ್ನೆ. ಕಬ್ಬು ಬೆಳೆಯುವವನಿಗೆ ಮೊದಲು ನೆನಪಾಗುವುದೇ ರವದಿ. ಒಂದು ಎಕರೆ ಕಬ್ಬು ಕಡಿದ ಮೇಲೆ ಸುಮಾರು ೩ರಿಂದ ೪ ಟನ್ ಒಣ ರವದಿ ಹೊಲದಲ್ಲಿ ಬಿದ್ದಿರುತ್ತದೆ. ಇದನ್ನು ಮನೆಗೆ ತಂದು ಇಟ್ಟಿಗೆ ಮಾಡೋಣವೇ? ಬೇಡ. ಕಾರಣ ಎರಡು.

ಒಂದು, ರವದಿ ಸುಲಭವಾಗಿ ಇಟ್ಟಿಗೆಯಾಗುವುದಿಲ್ಲ. ಎಲೆಯ ಮೇಲೆ ಮೇಣದ ಪದರು, ಒಳಗೆ ಮರಳಿನಂಥ ಸಿಲಿಕ. ಒತ್ತಿ ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ಅರಳಿ ಇಟ್ಟಿಗೆಯನ್ನು ಒಡೆಯುತ್ತದೆ. ಉರಿದ ಮೇಲೆ ಬೂದಿಯೂ ಬಹಳ.

ಎರಡು, ರವದಿಯ ಮನೆ ಹೊಲವೇ. ಅದರಲ್ಲಿ ನೂರಕ್ಕೆ ಸುಮಾರು ೦.೪ ಪಾಲು ಸಾರಜನಕ ಉಂಟು. ೪ ಟನ್ ರವದಿ ಎಂದರೆ ೧೬ ಕಿಲೋ ಸಾರಜನಕ. ಯೂರಿಯಾ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ೩೫ ಕಿಲೋ. ಕಡ್ಡಿ ಗೀರಿದರೆ ಆ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಜೊತೆಗೆ ಮೇಲ್ಮಣ್ಣಿನ ಜೀವಾಣುಗಳೂ ಸುಟ್ಟುಹೋಗುತ್ತವೆ. ಅದೇ ರವದಿಯನ್ನು ಸಾಲುಬಿಟ್ಟು ಸಾಲಿನಲ್ಲಿ ಹಾಸಿದರೆ ಕುಳೆ ಕಬ್ಬಿಗೆ ತೇವ ಉಳಿಯುತ್ತದೆ, ಕಸ ಏಳುವುದಿಲ್ಲ, ಕೊಳೆತು ಮಣ್ಣಿಗೆ ಸಾವಯವ ಇಂಗಾಲ ಸೇರುತ್ತದೆ. ಬೇಸಿಗೆಯಲ್ಲಿ ಬಾವಿ ತಳ ಕಾಣುವ ನಮ್ಮ ಸೀಮೆಗೆ ಈ ತೇವ ಸಣ್ಣ ಮಾತಲ್ಲ.

ರವದಿಯನ್ನು ಹೊಲದಲ್ಲಿ ಇಡಲು ಸಾಧ್ಯವೇ ಇಲ್ಲದ ಕಡೆ ಬೇರೆ ದಾರಿ ಉಂಟು. ಡಾ. ಆನಂದ ಕರ್ವೆ ಅವರ ಮುಂದಾಳ್ತನದಲ್ಲಿ ೧೯೯೬ರಲ್ಲಿ ಹುಟ್ಟಿದ ಪುಣೆಯ ಆರ್ಟಿ ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯವರು ರವದಿಯನ್ನು ಮುಚ್ಚಿದ ಡಬ್ಬಗಳಲ್ಲಿ ತುಂಬಿ, ಗಾಳಿ ಸೋಕದಂತೆ ಕಾಯಿಸಿ ಇದ್ದಿಲು ಮಾಡಿ, ಆ ಇದ್ದಿಲ ಪುಡಿಯನ್ನು ಅಂಟಿನಿಂದ ಗಟ್ಟಿ ತುಂಡು ಮಾಡುವ ಭಟ್ಟಿಯನ್ನು ರೂಪಿಸಿದರು. ಅದಕ್ಕೆ ೨೦೦೨ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂತು. ಇದ್ದಿಲ ತುಂಡು ಹೊಗೆಯಿಲ್ಲದೆ ಉರಿಯುತ್ತದೆ. ಆದರೆ ರವದಿಯ ತೂಕದ ಮುಕ್ಕಾಲು ಪಾಲಾದರೂ ಭಟ್ಟಿಯಲ್ಲಿಯೇ ಹೋಗುತ್ತದೆ. ಅದು ನಾಲ್ಕು ಮನೆಯವರು ಕೂಡಿ ಮಾಡುವ ಉದ್ಯೋಗ, ಒಂದು ಮನೆಯ ಹಿತ್ತಿಲ ಕೆಲಸವಲ್ಲ.

೩. ಅಚ್ಚು ಮತ್ತು ಸನ್ನೆಕೋಲು

ಬೇಕಾದ ಸಾಧನಗಳು ಮೂರು: ಅಚ್ಚಿನ ಪೆಟ್ಟಿಗೆ, ಒತ್ತುಮಣೆ, ಸನ್ನೆಕೋಲು.

ಅಚ್ಚು: ತಳವೂ ಮುಚ್ಚಳವೂ ಇಲ್ಲದ ಗಟ್ಟಿ ಪೆಟ್ಟಿಗೆ. ಜಾಲಿ ಅಥವಾ ಬೇವಿನ ಹಲಗೆ ನಡೆಯುತ್ತದೆ. ಒಳ ಅಳತೆ ೧೫ ಸೆಂ.ಮೀ. ಉದ್ದ, ೧೦ ಸೆಂ.ಮೀ. ಅಗಲ, ೨೦ ಸೆಂ.ಮೀ. ಎತ್ತರ. ನಾಲ್ಕೂ ಮಗ್ಗುಲಿಗೆ ಎರಡು ಬೆರಳಿಗೊಂದರಂತೆ ಸಣ್ಣ ತೂತು ಕೊರೆಸಿರಿ. ನೀರು ಹೋಗುವುದು ಇವುಗಳಿಂದಲೇ. ಒತ್ತಿದಾಗ ಮೂಲೆಗಳು ಬಿಚ್ಚಿಕೊಳ್ಳಲು ನೋಡುತ್ತವೆ. ಆದ್ದರಿಂದ ಕಂಬಾರನಿಂದ ಸುತ್ತಲೂ ಎರಡು ಕಬ್ಬಿಣದ ಪಟ್ಟಿ ಬಿಗಿಸಿರಿ. ಪೆಟ್ಟಿಗೆ ಕೂಡುವ ತಳಹಲಗೆ ಬೇರೆಯಾಗಿರಲಿ, ಅದಕ್ಕೂ ತೂತುಗಳಿರಲಿ. ಅದರ ನಟ್ಟನಡುವೆ ಒಂದು ಇಂಚು ದಪ್ಪದ, ೨೦ ಸೆಂ.ಮೀ. ಎತ್ತರದ ನುಣುಪಾದ ಕಂಬಿ ನಿಲ್ಲಿಸಿರಿ. ಈ ಕಂಬಿಯಿಂದ ಇಟ್ಟಿಗೆಯ ಮಧ್ಯೆ ತೂತು ಉಳಿಯುತ್ತದೆ. ಒಣಗುವಾಗ ಅದರೊಳಗೆ ಗಾಳಿ ಆಡುತ್ತದೆ, ಉರಿಯುವಾಗ ಅದೇ ಚಿಮಣಿಯಾಗುತ್ತದೆ. ತೂತಿಲ್ಲದ ಇಟ್ಟಿಗೆ ಒಳಗೆ ಒಣಗುವುದೂ ಇಲ್ಲ, ಸರಿಯಾಗಿ ಉರಿಯುವುದೂ ಇಲ್ಲ.

ಒತ್ತುಮಣೆ: ಪೆಟ್ಟಿಗೆಯ ಒಳಗೆ ಸಲೀಸಾಗಿ ಇಳಿಯುವ, ಎರಡು ಇಂಚು ದಪ್ಪದ ಹಲಗೆ. ನಡುವೆ ಕಂಬಿ ದಾಟುವಷ್ಟು ತೂತು. ಅದರ ಮೇಲೆ ಎರಡು ತುದಿಗೆ ೨೦ ಸೆಂ.ಮೀ. ಎತ್ತರದ ಎರಡು ತುಂಡು ನಿಲ್ಲಿಸಿ, ಮೇಲೊಂದು ಅಡ್ಡ ತುಂಡು ಜೋಡಿಸಿರಿ. ಮಣೆ ಕೆಳಗಿಳಿದಂತೆ ಕಂಬಿ ಈ ಎರಡು ತುಂಡುಗಳ ನಡುವೆ ಏರುತ್ತದೆ.

ಸನ್ನೆಕೋಲು: ಎರಡು ದಪ್ಪ ಕಂಬಗಳನ್ನು ನಾಲ್ಕಾರು ಇಂಚು ಅಂತರ ಬಿಟ್ಟು ಮೂರು ಫೂಟು ಆಳ ಹೂಳಿರಿ. ನೆಲದಿಂದ ಎರಡೂವರೆ ಫೂಟು ಎತ್ತರದಲ್ಲಿ ಎರಡಕ್ಕೂ ತೂತು ಕೊರೆದು ಒಂದು ಕಬ್ಬಿಣದ ಕೀಲು ಹಾಕಿರಿ. ಎಂಟು ಫೂಟು ಉದ್ದದ ಗಟ್ಟಿ ತೊಲೆಯ ಒಂದು ತುದಿಯನ್ನು ಈ ಕೀಲಿನ ಅಡಿಗೆ ತೂರಿಸಿರಿ. ಕಂಬದಿಂದ ಒಂದು ಫೂಟು ದೂರದಲ್ಲಿ ಕಲ್ಲಿನ ಮೇಲೆ ಅಚ್ಚು ಕೂಡಬೇಕು. ತೊಲೆಯ ಇನ್ನೊಂದು ತುದಿಯಲ್ಲಿ ಆಳು ಭಾರ ಹಾಕಬೇಕು. ಒಂದು ಫೂಟಿಗೆ ಎಂಟು ಫೂಟು, ಅಂದರೆ ಭಾರ ಎಂಟು ಪಟ್ಟು. ತುದಿಯಲ್ಲಿ ೪೦ ಕಿಲೋ ಭಾರ ಬಿದ್ದರೆ ಅಚ್ಚಿನ ಮೇಲೆ ೩೨೦ ಕಿಲೋ. ಇಟ್ಟಿಗೆಯ ಮೈ ೧೫೦ ಚದರ ಸೆಂಟಿಮೀಟರು. ಭಾಗಿಸಿದರೆ ಮೇಲೆ ಹೇಳಿದ ೨ ಕಿಲೋ ಲೆಕ್ಕ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಒತ್ತುವಾಗ ಕಂಬಗಳು ನೆಲದೊಳಗೆ ಇಳಿಯುವುದಿಲ್ಲ. ಮೇಲಕ್ಕೆ ಕಿತ್ತು ಬರಲು ನೋಡುತ್ತವೆ. ಆದ್ದರಿಂದ ಹೂಳುವ ತುದಿಗೆ ಅಡ್ಡ ತುಂಡು ಜಡಿದು, ಮೇಲೆ ಕಲ್ಲು ಮಣ್ಣು ತುಂಬಿ ಗುಮ್ಮಿರಿ. ತೊಲೆಯನ್ನು ಒತ್ತಿ ಹಿಡಿದಾಗ ಅದರ ಮೇಲೆ ಬಾಗಿ ನಿಲ್ಲಬೇಡಿರಿ. ಜಾರಿದರೆ ಗದ್ದಕ್ಕೆ ಬಡಿಯುತ್ತದೆ. ಮಕ್ಕಳನ್ನು ದೂರ ಇಡಿರಿ.

೪. ಕಲಸುವ ಹದ

ನಾರು ಇಲ್ಲದೆ ಹೊಟ್ಟು ನಿಲ್ಲದು. ಸುಲಭವಾಗಿ ಸಿಗುವ ನಾರು ಹಳೆಯ ಕಾಗದ: ಮಕ್ಕಳ ಹಳೆ ವಹಿ, ವರ್ತಮಾನಪತ್ರ, ರಟ್ಟಿನ ಡಬ್ಬ. ಹೊಳಪು ಲೇಪವಿದ್ದ ಕಾಗದ ಬೇಡ. ಸಣ್ಣಗೆ ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ಒರಳಿನಲ್ಲಿಯೋ ಬಕೆಟ್ಟಿನಲ್ಲಿಯೋ ಒನಕೆಯಿಂದ ಕುಟ್ಟಿದರೆ ಅಂಬಲಿಯಂತಾಗುತ್ತದೆ. ಮೂರು ಬುಟ್ಟಿ ಹೊಟ್ಟಿಗೆ ಒಂದು ಬುಟ್ಟಿ ಈ ಕಾಗದದ ರಾಡಿ. ಇದು ಮೊದಲ ಪ್ರಯೋಗಕ್ಕೆ ಸರಿಯಾದ ಪ್ರಮಾಣ.

ಕಾಗದ ಸಿಗದಿದ್ದರೆ ಬದುವಿನಲ್ಲಿ ಬಿದ್ದು ಅರ್ಧ ಕೊಳೆತ ರವದಿ, ಮರದ ಎಲೆ, ಸಣ್ಣ ಕಡ್ಡಿ ನಡೆಯುತ್ತದೆ. ಅವನ್ನು ಕಣಕಿ ಕತ್ತರಿಸುವ ಯಂತ್ರದಲ್ಲಿ ಬೆರಳುದ್ದಕ್ಕಿಂತ ಸಣ್ಣದಾಗಿ ಕತ್ತರಿಸಿ, ತಗ್ಗಿನಲ್ಲಿ ನೀರು ಚಿಮುಕಿಸಿ, ಗೋಣಿತಾಟು ಮುಚ್ಚಿ ಮೂರು ನಾಲ್ಕು ವಾರ ಇಡಿರಿ. ಒಳಗೆ ಬಿಸಿ ಏರುತ್ತದೆ. ವಾರಕ್ಕೊಮ್ಮೆ ತಿರುವಿ ಹಾಕಿರಿ. ಬಣ್ಣ ಕಪ್ಪಾಗಿ, ಬೆರಳಿನಿಂದ ಉಜ್ಜಿದರೆ ನಾರುನಾರಾಗಿ ಬಿಚ್ಚಿಕೊಂಡರೆ ಹದ ಬಂತು. ಪೂರ್ತಿ ಗೊಬ್ಬರವಾಗಲು ಬಿಡಬೇಡಿರಿ. ಆಗ ನಾರೂ ಇಲ್ಲ, ಉರಿಯೂ ಇಲ್ಲ. ಈ ನಾರಿನಲ್ಲಿ ಕಾಗದದಷ್ಟು ಬಿಗಿ ಇಲ್ಲದ್ದರಿಂದ ಹೊಟ್ಟು ಅರ್ಧ, ನಾರು ಅರ್ಧ ಸೇರಿಸಿರಿ.

ಹದ ನೋಡುವ ಬಗೆ ಹೀಗೆ. ಒಂದು ಮುಷ್ಟಿ ಕಲಸಿದ್ದನ್ನು ಹಿಂಡಿರಿ. ಬೆರಳುಸಂದಿಯಿಂದ ನೀರು ಮಾತ್ರ ಬರಬೇಕು. ನೀರಿನೊಡನೆ ಹೊಟ್ಟೂ ನುಸುಳಿ ಬಂದರೆ ನಾರು ಕಡಿಮೆಯಾಯಿತು. ಕೈ ಬಿಚ್ಚಿದಾಗ ಉಂಡೆ ಉಂಡೆಯಾಗಿಯೇ ಇರಬೇಕು. ಅರಳಿ ಊದಿಕೊಂಡರೆ ನಾರು ಇನ್ನೂ ಕೊಳೆತಿಲ್ಲ ಎಂದರ್ಥ. ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಉದುರಬಾರದು. ಈ ಮೂರು ಪರೀಕ್ಷೆ ಪಾಸಾಗದ ಕಲಸನ್ನು ಅಚ್ಚಿಗೆ ಹಾಕಬೇಡಿರಿ; ಶ್ರಮ ವ್ಯರ್ಥ.

ಕಾರಖಾನೆಯ ಕಾಕಂಬಿಯನ್ನು ಅಂಟಾಗಿ ಬಳಸಬಹುದಲ್ಲ ಎಂದು ಸಭಾಸದರು ಕೇಳುವುದು ಸಹಜ. ಕಾಕಂಬಿಯ ಸಾಗಾಟಕ್ಕೆ ಅಬಕಾರಿ ಖಾತೆಯ ಪರವಾನಿಗೆ ಬೇಕು. ಅದಿರಲಿ, ಕಾಕಂಬಿ ಹಾಕಿದ ಇಟ್ಟಿಗೆ ಗಾಳಿಯ ತೇವವನ್ನು ಹೀರಿ ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಇರುವೆ ಹತ್ತುತ್ತದೆ. ಮಣ್ಣು ಬೆರೆಸುವ ಪದ್ಧತಿಯೂ ಸರಿಯಲ್ಲ. ಮಣ್ಣು ಉರಿಯುವುದಿಲ್ಲ, ಬೂದಿ ಹೆಚ್ಚಿಸುತ್ತದೆ. ಸೆಗಣಿ ಬೆರೆಸಿದರೆ ಇಟ್ಟಿಗೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸೆಗಣಿ ಉಳಿಸಲೆಂದೇ ಅಲ್ಲವೇ ನಾವು ಇಷ್ಟೆಲ್ಲ ಮಾಡುತ್ತಿರುವುದು?

೫. ಒತ್ತುವುದು, ಒಣಗಿಸುವುದು

ತಳಹಲಗೆಯ ಮೇಲೆ ಅಚ್ಚು ಕೂಡಿಸಿ, ಕಲಸಿದ್ದನ್ನು ಕಂಬಿಯ ಸುತ್ತ ಸಮನಾಗಿ ತುಂಬಿ, ಮೂಲೆಗಳನ್ನು ಬೆರಳಿನಿಂದ ಅದುಮಿರಿ. ಒತ್ತುಮಣೆ ಇಳಿಸಿ ಸನ್ನೆಕೋಲನ್ನು ನಿಧಾನವಾಗಿ ಒತ್ತಿರಿ. ಒಮ್ಮೆಲೇ ಬಡಿದರೆ ನೀರು ಹೋಗಲು ದಾರಿಯಾಗದೆ ಹೊಟ್ಟೇ ಹೊರಗೆ ಚಿಮ್ಮುತ್ತದೆ. ನೀರು ಸುರಿಯುವುದು ನಿಂತು ಹನಿಹನಿಯಾಗುವವರೆಗೆ ಭಾರ ಹಿಡಿದಿರಿ. ಆಮೇಲೆ ಅಚ್ಚನ್ನು ತಳಹಲಗೆಯಿಂದ ಎತ್ತಿ, ಎರಡು ಕಲ್ಲಿನ ಮೇಲೆ ಇಟ್ಟು, ಮಣೆಯನ್ನು ಕೈಯಿಂದ ಒತ್ತಿದರೆ ಇಟ್ಟಿಗೆ ಕೆಳಗೆ ಇಳಿಯುತ್ತದೆ. ಸುರಿದ ನೀರನ್ನು ಬುಟ್ಟಿಯಲ್ಲಿ ಹಿಡಿದು ಮತ್ತೆ ಕಲಸಲು ಬಳಸಿರಿ. ನೀರೂ ಉಳಿಯಿತು, ನಾರೂ ಉಳಿಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಒಣಗಿಸುವುದು. ಹಸಿ ಇಟ್ಟಿಗೆ ಉರುವಲಲ್ಲ, ಬರೀ ಹೊಗೆ. ಒಂದು ಕಿಲೋ ಇಟ್ಟಿಗೆಯಲ್ಲಿ ಅರ್ಧ ನೀರಿದ್ದರೆ ಉರಿಯುವ ವಸ್ತು ಅರ್ಧ ಕಿಲೋ ಮಾತ್ರ. ಆ ಅರ್ಧ ಕಿಲೋದ ಉರಿಯಲ್ಲಿಯೂ ಸುಮಾರು ೩೦೦ ಕಿಲೋಕ್ಯಾಲರಿ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಒಣ ಇಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಶಾಖ ಉಳಿಯಿತು. ಬೆಂಕಿ ತಣ್ಣಗಾಗಿ ಹೊಗೆಯೂ ಕಣ್ಣಿಗೆ ಏರಿತು. ನಮ್ಮ ಕಾರಖಾನೆಯ ಬಾಯ್ಲರಿಗೆ ಹೋಗುವ ಕಬ್ಬಿನ ಸಿಪ್ಪೆಯಲ್ಲಿಯೂ ಅರ್ಧದಷ್ಟು ನೀರೇ ಇರುತ್ತದಲ್ಲ ಎನ್ನಬಹುದು. ನಿಜ; ಆದರೆ ಅದನ್ನು ಉರಿಸಲು ಅಲ್ಲಿ ದೊಡ್ಡ ಕುಲುಮೆ ಇದೆ, ಗಾಳಿ ಊದುವ ಪಂಖ ಇದೆ. ಮನೆಯ ಒಲೆಗೆ ಆ ಶಕ್ತಿ ಇಲ್ಲ.

ದೇವರ ದಯದಿಂದ ನಮ್ಮ ಸೀಮೆಗೆ ಬಿಸಿಲಿನ ಬಡತನವಿಲ್ಲ. ಸೋಲಾಪುರದ ಏಪ್ರಿಲ್ ಮೇ ಬಿಸಿಲು ೪೦ ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಇಟ್ಟಿಗೆಗಳನ್ನು ಮಾಳಿಗೆಯ ಮೇಲೆ ಬರಿ ನೆಲಕ್ಕೆ ಹಾಕದೆ, ತೊಗರಿ ಕಟ್ಟಿಗೆಯ ಹಾಸಿನ ಮೇಲೆ, ಒಂದಕ್ಕೊಂದು ತಾಗದಂತೆ ಇಡಿರಿ. ಎರಡನೆಯ ದಿನ ಮಗ್ಗುಲು ಬದಲಿಸಿರಿ. ವಾರ ಹತ್ತು ದಿನ ಬೇಕಾದೀತು. ಮೇಲೆ ಒಣಗಿದ್ದನ್ನು ನೋಡಿ ಮೋಸ ಹೋಗಬೇಡಿರಿ. ಒಂದು ಇಟ್ಟಿಗೆಗೆ ಗುರುತು ಹಾಕಿ ದಿನಾಲು ಅದೇ ಹೊತ್ತಿಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿತು ಎಂದು ತಿಳಿಯಿರಿ. ಈ ಅಳತೆಯ, ಆರು ಸೆಂ.ಮೀ. ದಪ್ಪದ ಇಟ್ಟಿಗೆ ಒಣಗಿದ ಮೇಲೆ ೩೦೦ ಗ್ರಾಮಿನ ಆಸುಪಾಸು ತೂಗುತ್ತದೆ.

ಮಿರಗದ ಮಳೆಗೆ ಮೊದಲು ಎಲ್ಲವನ್ನೂ ಒಳಗೆ ಸೇರಿಸಬೇಕು. ಮನೆಯ ಇಟ್ಟಿಗೆ ಒಂದು ಮಳೆ ತಡೆಯದು. ನೆನೆದರೆ ಮತ್ತೆ ಹೊಟ್ಟಾಗುತ್ತದೆ. ನೆಲದಿಂದ ಒಂದು ಫೂಟು ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಒಲೆಯಿಂದ ದೂರ ಒಟ್ಟಿರಿ. ಒರಲೆ ಹತ್ತುವುದಿಲ್ಲ. ಬಣವೆಯೊಳಗೆ ಕೈ ಹಾಕುವಾಗ ಚೇಳಿನ ನೆನಪಿರಲಿ. ಅರೆಬರೆ ಒಣಗಿದ್ದನ್ನು ಎಂದೂ ದಟ್ಟವಾಗಿ ಒಟ್ಟಬೇಡಿರಿ. ಒಳಗೆ ಬಿಸಿಯೇರಿ ಬೂಸು ಹಿಡಿಯುತ್ತದೆ.

೬. ಉರಿಸುವ ರೀತಿ

ಜೋಳದ ರೊಟ್ಟಿಗೆ ಹಂಚಿನ ತುಂಬ ಹಬ್ಬುವ, ಬೇಕೆಂದಾಗ ಏರಿಸಿ ಇಳಿಸುವ ಉರಿ ಬೇಕು. ಅದಕ್ಕೆ ತೊಗರಿ ಕಟ್ಟಿಗೆಯೇ ಯೋಗ್ಯ, ಇಟ್ಟಿಗೆ ಅಲ್ಲ. ಇಟ್ಟಿಗೆಯದು ನಿಧಾನದ, ಸಮನಾದ ಉರಿ. ಬೇಳೆ ಬೇಯಿಸಲು, ಹಾಲು ಕಾಯಿಸಲು, ದನಗಳಿಗೆ ಹುರುಳಿ ಬೇಯಿಸಲು, ಮುಖ್ಯವಾಗಿ ಸ್ನಾನದ ಹಂಡೆಗೆ ಮತ್ತು ಬಂಬಕ್ಕೆ ಅದು ಹೇಳಿ ಮಾಡಿಸಿದ್ದು. ಇಟ್ಟಿಗೆಗಳನ್ನು ಬೂದಿಯ ಮೇಲೆ ಮಲಗಿಸದೆ, ಕಬ್ಬಿಣದ ಜಾಳಿಗೆಯ ಮೇಲೆ ತೂತು ಮೇಲ್ಮುಖವಾಗಿ ನಿಲ್ಲಿಸಿರಿ. ಕೆಳಗೆ ಒಣ ಕಡ್ಡಿಯ ಉರಿ ಕೊಡಿರಿ. ತೂತಿನೊಳಗಿಂದ ಜ್ವಾಲೆ ಏಳುತ್ತದೆ. ಒಲೆಯ ಬಾಯಿ ತುಂಬ ತುರುಕಬೇಡಿರಿ. ಗಾಳಿ ಸತ್ತರೆ ಉರಿಯೂ ಸತ್ತಿತು.

ಇಷ್ಟಾದರೂ ಇಟ್ಟಿಗೆ ಕಟ್ಟಿಗೆಯೇ. ಹೊಗೆ ಇದ್ದೇ ಇರುತ್ತದೆ. ೨೦೧೬ರ ಉಜ್ವಲಾ ಯೋಜನೆಯಿಂದ ಬಹಳ ಮನೆಗಳಿಗೆ ಗ್ಯಾಸು ಬಂದಿದೆ. ಅಡಿಗೆಗೆ ಗ್ಯಾಸು ಇದ್ದವರು ಅದನ್ನು ಬಿಟ್ಟು ಇಟ್ಟಿಗೆಗೆ ಇಳಿಯಬೇಕಾಗಿಲ್ಲ. ಮುಚ್ಚಿದ ಕೋಣೆಯಲ್ಲಿ, ಹಸುಗೂಸು ಮಲಗಿರುವಲ್ಲಿ ಇದನ್ನು ಉರಿಸಲೇಬಾರದು. ಕೆಂಡವನ್ನು ರಾತ್ರಿ ಮೈ ಕಾಯಿಸಲು ಒಳಗಿಟ್ಟು ಬಾಗಿಲು ಹಾಕಿದರೆ ವಾಸನೆಯಿಲ್ಲದ ವಿಷಾನಿಲದಿಂದ ಪ್ರಾಣಕ್ಕೇ ಅಪಾಯ.

೭. ಶ್ರಮದ ಲೆಕ್ಕ

ಈಗ ಮನಸ್ಸು ಗಟ್ಟಿ ಮಾಡಿ ಲೆಕ್ಕ ನೋಡೋಣ. ಇಬ್ಬರು ಒಂದು ದಿನದಲ್ಲಿ ೮೦ ಇಟ್ಟಿಗೆ ಒತ್ತಿದರು ಎಂದು ಹಿಡಿಯಿರಿ. ಒಣಗಿದ ಮೇಲೆ ೨೪ ಕಿಲೋ. ಅದರ ಒಟ್ಟು ಶಾಖ ಸುಮಾರು ೯೧,೦೦೦ ಕಿಲೋಕ್ಯಾಲರಿ. ಆದರೆ ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ನೂರಕ್ಕೆ ಹತ್ತು ಹನ್ನೆರಡು ಪಾಲು ಮಾತ್ರ. ಉಳಿದದ್ದು ಗಾಳಿಗೆ, ಗೋಡೆಗೆ. ಅಂದರೆ ೧೧,೦೦೦ ಕಿಲೋಕ್ಯಾಲರಿ. ಒಂದು ಕಿಲೋ ಗ್ಯಾಸಿನಲ್ಲಿ ಸುಮಾರು ೧೧,೦೦೦ ಇದ್ದು, ಅದರ ಒಲೆಯಲ್ಲಿ ನೂರಕ್ಕೆ ೬೦ ಪಾಲು ಪಾತ್ರೆಗೆ ಮುಟ್ಟಿದರೂ ೬,೬೦೦ ಆಯಿತು. ಹೀಗಾಗಿ ಇಬ್ಬರ ಒಂದು ದಿನದ ದುಡಿಮೆ ಸುಮಾರು ಪೌಣೆ ಎರಡು ಕಿಲೋ ಗ್ಯಾಸಿಗೆ ಸಮ. ೧೪.೨ ಕಿಲೋದ ಒಂದು ಸಿಲಿಂಡರಿನ ಎಂಟನೆಯ ಒಂದು ಪಾಲು!

ಕೂಲಿ ಕೊಟ್ಟು ಮಾಡಿಸಿದರೆ ಇದು ನಷ್ಟದ ಬಾಬು ಎಂಬುದು ಇದರಿಂದ ಸ್ಪಷ್ಟ. ಹೊಟ್ಟನ್ನು ದೂರದಿಂದ ಬಾಡಿಗೆ ಕೊಟ್ಟು ತಂದರೂ ನಷ್ಟವೇ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ, ಮನೆಯವರೇ, ಹತ್ತಿರದಲ್ಲಿ ಪುಕ್ಕಟೆ ಸಿಗುವ ಹೊಟ್ಟಿನಿಂದ ಮಾಡಿದರೆ ಮಾತ್ರ ಲಾಭ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಒಲೆ ಸುಧಾರಿಸಿ ನೂರಕ್ಕೆ ೨೫ ಪಾಲು ಪಾತ್ರೆಗೆ ಮುಟ್ಟುವಂತಾದರೆ ಅದೇ ೨೪ ಕಿಲೋ ಇಟ್ಟಿಗೆ ಸುಮಾರು ಮೂರೂವರೆ ಕಿಲೋ ಗ್ಯಾಸಿಗೆ ಸಮವಾಗುತ್ತದೆ. ಒಂದು ಇಟ್ಟಿಗೆಯನ್ನೂ ಹೆಚ್ಚಿಗೆ ಒತ್ತದೆ ಲಾಭ ಎರಡು ಪಟ್ಟು! ಬೆಂಗಳೂರಿನ ಭಾರತೀಯ ವಿಜ್ಞಾ‌ನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಗುಟ್ಟು ಇದೇ: ಮುಚ್ಚಿದ ಉರಿಗೂಡು, ಕೆಳಗೆ ಜಾಳಿಗೆ, ಪಾತ್ರೆ ಸರಿಯಾಗಿ ಕೂಡುವ ಬಾಯಿ, ಹೊಗೆಗೆ ಚಿಮಣಿ. ಆದ್ದರಿಂದ ಕೈಯಲ್ಲಿ ಒಂದೇ ಕೆಲಸಕ್ಕಾಗುವಷ್ಟು ಹಣವಿದ್ದರೆ ಮೊದಲು ಒಲೆ ಸರಿಪಡಿಸಿರಿ, ಆಮೇಲೆ ಅಚ್ಚು ಮಾಡಿಸಿರಿ.

೮. ನಿಜವಾದ ಲಾಭ ಹೊಲದಲ್ಲಿ

ಗ್ಯಾಸಿನ ಲೆಕ್ಕ ಅಲ್ಲಿಗೆ ಬಿಡೋಣ. ಇನ್ನೂ ಕುಳ್ಳು ಉರಿಸುವ ಮನೆಗಳ ಲೆಕ್ಕ ನೋಡೋಣ. ದಿನಕ್ಕೆ ೫ ಕಿಲೋ ಒಣ ಕುಳ್ಳು ಉರಿದರೆ ವರುಷಕ್ಕೆ ಸುಮಾರು ೧,೮೦೦ ಕಿಲೋ. ಒಣ ಸೆಗಣಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸಾರಜನಕ ಎಂದು ಹಿಡಿದರೆ ೨೭ ಕಿಲೋ. ಯೂರಿಯಾ ಲೆಕ್ಕದಲ್ಲಿ ಸುಮಾರು ೬೦ ಕಿಲೋ. ಈಗಿನ ೪೫ ಕಿಲೋ ಚೀಲದಂತೆ ಒಂದು ಚೀಲಕ್ಕೂ ಹೆಚ್ಚು. ತಿಪ್ಪೆಯಲ್ಲಿ ಕೊಳೆಯುವಾಗ ಸ್ವಲ್ಪ ಹಾರಿಹೋಗುತ್ತದೆ, ಎಲ್ಲವೂ ಬೆಳೆಗೆ ಸಿಗುವುದಿಲ್ಲ ಎಂಬುದು ಸರಿ. ಆದರೆ ಯೂರಿಯಾ ಕೊಡಲಾರದ್ದನ್ನು ಸೆಗಣಿ ಕೊಡುತ್ತದೆ: ಮಣ್ಣಿನ ಮೆದು, ನೀರು ಹಿಡಿಯುವ ಗುಣ, ಎರೆಹುಳು. ನಮ್ಮ ಕರಿ ಎರೆ ನೆಲ ವರುಷವರುಷಕ್ಕೆ ಕಲ್ಲಾಗುತ್ತಿದೆ ಎಂದು ದೂರುವ ನಾವು, ಅದರ ಔಷಧವನ್ನು ದಿನಾಲು ಒಲೆಗೆ ಹಾಕುತ್ತಿದ್ದೇವೆ.

ಕುಳ್ಳು ಕೆಟ್ಟ ಉರುವಲೂ ಹೌದು. ಅದರಲ್ಲಿ ಬೂದಿ ಬಹಳ, ಶಾಖ ಕಟ್ಟಿಗೆಗಿಂತ ಕಡಿಮೆ, ಹೊಗೆ ವಿಪರೀತ. ಅದನ್ನು ತಟ್ಟುವವರೂ ನಮ್ಮ ಮನೆಯ ತಾಯಂದಿರೇ, ಅದರ ಹೊಗೆ ಕುಡಿಯುವವರೂ ಅವರೇ. ಆದ್ದರಿಂದ ಈ ಪಾಠವನ್ನು ಮನೆಯಲ್ಲಿ ಓದಿ ಹೇಳಿರಿ. ಒಲೆಗೆ ಏನು ಹಾಕಬೇಕು ಎಂಬ ತೀರ್ಮಾನ ಒಲೆಯ ಮುಂದೆ ಕೂಡುವವರದು. ಕಟ್ಟೆಯ ಮೇಲೆ ಕೂತವರದಲ್ಲ. ಅಚ್ಚು ಒತ್ತುವ ಕೆಲಸವನ್ನೂ ಅವರ ತಲೆಗೇ ಕಟ್ಟಿದರೆ ಸುಧಾರಣೆ ಆಗಲಿಲ್ಲ. ಸನ್ನೆಕೋಲು ಗಂಡಸರ ಕೈಗೆ ಬರಲಿ.

ಮನೆಗೆಲಸ

ಮುಂದಿನ ಸಂಚಿಕೆ ಬರುವುದರೊಳಗೆ ಇಷ್ಟು ಮಾಡಿ ನೋಡಿರಿ. ಒಂದು ವಾರ ಮನೆಯಲ್ಲಿ ಉರಿಯುವ ಕುಳ್ಳು ಮತ್ತು ಕಟ್ಟಿಗೆಯನ್ನು ದಿನಾಲು ತೂಗಿ ಬರೆಯಿರಿ. ಅಚ್ಚು ಮಾಡಿಸುವ ಮೊದಲು ಒಂದು ಹಳೆಯ ಡಬ್ಬಕ್ಕೆ ತೂತು ಹೊಡೆದು, ಮೇಲಿನ ಪ್ರಮಾಣದಂತೆ ಕಲಸಿ, ಕಲ್ಲು ಹೇರಿ, ಹತ್ತು ತುಂಡು ಮಾಡಿ ಒಣಗಿಸಿ ಸ್ನಾನದ ಹಂಡೆಗೆ ಹಾಕಿ ನೋಡಿರಿ. ಎಷ್ಟು ಹೊತ್ತು ಉರಿಯಿತು, ಎಷ್ಟು ಹೊಗೆ ಬಂತು, ಬರೆದಿಡಿರಿ. ತುಂಡು ಉದುರಿದರೆ ನಾರು ಹೆಚ್ಚಿಸಿರಿ; ಹೊಗೆಯಾದರೆ ಇನ್ನೂ ನಾಲ್ಕು ದಿನ ಒಣಗಿಸಿರಿ. ಹತ್ತು ತುಂಡು ಸರಿಯಾಗಿ ಉರಿದ ಮೇಲೆ ಬಡಿಗನ ಮನೆಗೆ ಹೋಗಿರಿ.

ಇಟ್ಟಿಗೆ ಸೇರಿದಂತೆ ಗೋಡೆಯ ಮೇಲಿನ ಕುಳ್ಳು ಕಡಿಮೆಯಾಗಲಿ, ತಿಪ್ಪೆ ಬೆಳೆಯಲಿ. ರವದಿ ಸಾಲಿನಲ್ಲಿ, ವಾಡಿ ಗೋದಲಿಯಲ್ಲಿ, ಸೆಗಣಿ ತಿಪ್ಪೆಯಲ್ಲಿ, ಹೊಟ್ಟು ಒಲೆಯಲ್ಲಿ. ಒಂದೊಂದೂ ತನ್ನ ತನ್ನ ಜಾಗಕ್ಕೆ ಸೇರಿದರೆ ಮುಂದಿನ ಹಂಗಾಮಿನ ಕುಳೆ ಕಬ್ಬೇ ಅದರ ಸಾಕ್ಷಿ ಹೇಳುತ್ತದೆ.